ದೋಣಿಯ ಕಿಟಕಿಗೆ ಸ್ಮಾರ್ಟ್ ಗಾಜು ಅಳವಡಿಸುವ ಕ್ರಮ

ಸ್ವಿಚ್ ಒತ್ತಿದೊಡನೆ ಪಾರದರ್ಶಕತೆ ಬದಲಿಸುವ ಗಾಜನ್ನು ವಿಹಾರದೋಣಿಗೆ ಕೊಳ್ಳುವ ಮೊದಲು, ಬೇಕಿರುವುದು ಮರೆಯೋ ನೆರಳೋ ಎಂದು ನಿರ್ಧರಿಸಿಕೊಳ್ಳಬೇಕು. ಪಿಡಿಎಲ್‌ಸಿ ಎಂಬ ದ್ರವಸ್ಫಟಿಕದ ಪದರವುಳ್ಳ ಗಾಜು ವಿದ್ಯುತ್ ಇಲ್ಲದಾಗ ಹಾಲಿನಂತೆ ಬೆಳ್ಳಗಿದ್ದು, ವಿದ್ಯುತ್ ಹರಿದಾಗ ತಿಳಿಯಾಗುತ್ತದೆ. ಮಲಗುವ ಕೋಣೆಗೂ ಸ್ನಾನದ ಕೋಣೆಗೂ ಇದು ಒಪ್ಪುತ್ತದೆ, ಆದರೆ ಬೆಳಕನ್ನು ಚದುರಿಸುತ್ತದೆಯೇ ಹೊರತು ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ. ಝಳ ತಗ್ಗಬೇಕಾದರೆ, ತೇಲುವ ಸೂಕ್ಷ್ಮ ಕಣಗಳ ಪದರವುಳ್ಳ, ವಿದ್ಯುತ್ ನಿಂತಾಗ ಕಡುನೀಲಿಗೆ ತಿರುಗುವ ಎಸ್‌ಪಿಡಿ ಗಾಜೇ ಮೇಲು.

ಚುಕ್ಕಾಣಿ ಹಿಡಿದವರ ಎದುರಿನ ಕಿಟಕಿಗೆ ಇವೆರಡನ್ನೂ ಖಂಡಿತ ಹಾಕಬಾರದು, ಏಕೆಂದರೆ ವಿದ್ಯುತ್ ಕೈಕೊಟ್ಟ ಕ್ಷಣವೇ ಮುಂದಿನ ನೀರು ಕಾಣದಾಗುತ್ತದೆ. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಾವಳಿಯ 5ನೇ ನಿಯಮವೂ ಸದಾ ಸರಿಯಾದ ಕಣ್ಗಾವಲನ್ನು ಕಡ್ಡಾಯಗೊಳಿಸಿದೆ.

ಈ ಎರಡೂ ಗಾಜುಗಳು ನಡೆಯುವುದು ಎ.ಸಿ. ವಿದ್ಯುತ್ತಿನಿಂದ. ಆದ್ದರಿಂದ ದೋಣಿಯ 12 ಅಥವಾ 24 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸದೆ, ಬ್ಯಾಟರಿಯ ಡಿ.ಸಿ. ವಿದ್ಯುತ್ತನ್ನು ಎ.ಸಿ.ಗೆ ಬದಲಿಸುವ, ತಯಾರಕರು ಸೂಚಿಸಿದ ಡ್ರೈವರ್ ಎಂಬ ಉಪಕರಣವನ್ನು ಪ್ರತ್ಯೇಕ ಫ್ಯೂಸಿನೊಂದಿಗೆ ಒಣ ಜಾಗದಲ್ಲಿ ಕೂರಿಸಬೇಕು.

ಹೆಚ್ಚಿನ ಎಚ್ಚರ ಬೇಕಿರುವುದು ಅಂಚುಗಳ ಬಗ್ಗೆ. ಉಪ್ಪುನೀರು ಪದರದ ಅಂಚಿಗೆ ನುಸುಳಿದರೆ ಪದರಕ್ಕೆ ವಿದ್ಯುತ್ ಒಯ್ಯುವ ತಾಮ್ರದ ಪಟ್ಟಿ ಕಿಲುಬು ಹಿಡಿದು, ಗಾಜು ಅಂಚಿನಿಂದ ಒಳಮುಖವಾಗಿ ಮಸುಕಾಗುತ್ತದೆ. ಆದ್ದರಿಂದ ಅಂಚು ಮುಚ್ಚಲು, ಹುಳಿವಾಸನೆಯ ಅಸಿಟಿಕ್ ಸಿಲಿಕೋನನ್ನು ಬಿಟ್ಟು ನ್ಯೂಟ್ರಲ್ ಸಿಲಿಕೋನನ್ನೇ ಬಳಸಿರಿ. ಹೊರಕಿಟಕಿಯಾದರೆ, ಹಳೆಯ ಗಾಜಿಗೆ ಅಂಟಿಸುವ ಫಿಲ್ಮಿಗಿಂತ ಎರಡು ಗಾಜುಗಳ ನಡುವೆ ಪದರವನ್ನು ಬೆಸೆದ, ಸಣ್ಣ ದೋಣಿಗಳ ಕಿಟಕಿಗಳ ಗಟ್ಟಿತನಕ್ಕೆ ಸಂಬಂಧಿಸಿದ ಐಎಸ್‌ಒ 12216 ಮಾನದಂಡಕ್ಕೆ ಹೊಂದುವ ಗಾಜನ್ನೇ ಆರಿಸಿರಿ.