ಅನೋಡೈಸ್ ಮಾಡಿದ ಅಲ್ಯೂಮಿನಿಯಂಗೆ ಕಪ್ಪು ಬಣ್ಣ ಹಿಡಿಯದಿದ್ದಾಗ

ಅನೋಡೈಸ್ ಎಂದರೆ ಆಸಿಡ್‌ನಲ್ಲಿ ಕರೆಂಟ್ ಹರಿಸಿ ಅಲ್ಯೂಮಿನಿಯಂ ಮೇಲೆ ಸೂಕ್ಷ್ಮ ರಂಧ್ರಗಳ ಆಕ್ಸೈಡ್ ಪದರ ಬೆಳೆಸುವುದು; ಬಣ್ಣ ಹಿಡಿಯುವುದು ಆ ರಂಧ್ರಗಳಲ್ಲೇ.

ಲಕ್ಷಣ: ಡೈಯಿಂದ (ಬಣ್ಣದ ದ್ರಾವಣದಿಂದ) ತೆಗೆದಾಗ ತುಂಡು ನಸುನೇರಳೆ ಛಾಯೆಯ ಬೂದು, ಸೀಲಿಂಗ್‌ಗೆ (ಆ ರಂಧ್ರ ಮುಚ್ಚಲು) ಕುದಿನೀರಿಗೆ ಇಳಿಸಿದರೆ ನೀರೆಲ್ಲ ಕಪ್ಪು.

ಡೈ ಹೆಚ್ಚಿಸಿದೆ, ಅರ್ಧ ಗಂಟೆ ನೆನೆಸಿದೆ, ಹೊಸ ಡೈ ಕಲಸಿದೆ. ಏನೂ ಬದಲಾಗಲಿಲ್ಲ. ದೋಷ ಡೈಯಲ್ಲಿರಲಿಲ್ಲ, ಆಕ್ಸೈಡ್ ಪದರವೇ ತೆಳು. ಗಾಢ ಕಪ್ಪಿಗೆ ಸುಮಾರು 20 ಮೈಕ್ರಾನ್ ಬೇಕು.

ವೋಲ್ಟೇಜನ್ನು 12 ವೋಲ್ಟ್‌ಗೆ ಕಟ್ಟಿಹಾಕಿದರೆ, ತುಂಡಿಗೆ ಕರೆಂಟ್ ಒಯ್ಯುವ ತಂತಿ ಸ್ವಲ್ಪ ಸಡಿಲವಾದರೂ ಅದರಡಿಯಲ್ಲೇ ಆಕ್ಸೈಡ್ ಬೆಳೆದು ಕರೆಂಟ್ ಸದ್ದಿಲ್ಲದೆ ಕುಸಿಯುತ್ತದೆ. ಅದಕ್ಕೇ ಸ್ಥಿರ ಕರೆಂಟ್‌ಗೆ ಬದಲಿಸಿದೆ: ಎರಡೂ ಮುಖ, ಅಂಚು ಸೇರಿಸಿದ ವಿಸ್ತೀರ್ಣಕ್ಕೆ ಚದರ ಡೆಸಿಮೀಟರ್‌ಗೆ 1.5 ಆಂಪಿಯರ್, 60 ನಿಮಿಷ. ಸಲ್ಫ್ಯೂರಿಕ್ ಆಸಿಡ್ ತೂಕದಲ್ಲಿ ಶೇ. 15, ಉಷ್ಣಾಂಶ 20 ಡಿಗ್ರಿ. 24 ದಾಟಿದರೆ ಪದರ ಮೆತ್ತಗಾಗಿ ಪುಡಿ ಏಳುತ್ತದೆ. ತುಂಡಿನಲ್ಲಿ ರಂಧ್ರ ಕೊರೆದು ಅಲ್ಯೂಮಿನಿಯಂ ತಂತಿಯನ್ನು ಬಿಗಿಯಾಗಿ ಒತ್ತಿ ಕೂರಿಸಿ. ತಾಮ್ರ ಆಸಿಡ್‌ನಲ್ಲಿ ಕರಗುತ್ತದೆ. ವೋಲ್ಟೇಜ್ ನಿಧಾನಕ್ಕೆ ಏರುವುದು ಸಹಜ. ಒಮ್ಮೆಲೇ ಜಿಗಿದರೆ ಸಂಪರ್ಕ ತಪ್ಪಿದೆ ಎಂದರ್ಥ.

ಆಮೇಲೆ ತಣ್ಣೀರು, ಎರಡು ನಿಮಿಷ ಅಡುಗೆ ಸೋಡಾ ನೀರು, ಮತ್ತೆ ತಣ್ಣೀರು. ಬಿಸಿನೀರು ಇಲ್ಲಿ ಬೇಡವೇ ಬೇಡ, ಪದರದ ಸೂಕ್ಷ್ಮ ರಂಧ್ರಗಳು ಬಣ್ಣ ಹಿಡಿಯುವ ಮೊದಲೇ ಮುಚ್ಚಿಕೊಳ್ಳುತ್ತವೆ. ಒಣಗಲು ಬಿಡದೆ 55 ಡಿಗ್ರಿ ಡೈಯಲ್ಲಿ 15 ನಿಮಿಷ. ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ, 96 ಡಿಗ್ರಿಗಿಂತ ಮೇಲೆ, ಪದರದ ಪ್ರತಿ ಮೈಕ್ರಾನ್‌ಗೆ 3 ನಿಮಿಷದಂತೆ ಸೀಲಿಂಗ್.