ಸೈಕ್ಲೋನ್ ಧೂಳು ಕಾರುತ್ತಿದೆಯೇ? ಮೊದಲು ಬುಡ ನೋಡಿ

ಸೈಕ್ಲೋನ್ ಎಂದರೆ ಗಾಳಿಯನ್ನು ಸುತ್ತಿಸಿ ಅದರಿಂದ ಧೂಳನ್ನು ಬೇರ್ಪಡಿಸುವ ಸಾಧನ. ಧೂಳು ತುಂಬಿದ ಗಾಳಿ ಸಿಲಿಂಡರಿನ ಗೋಡೆಗೆ ಒರಸಿಕೊಂಡಂತೆ ಒಳನುಗ್ಗಿ, ಸುತ್ತುತ್ತಾ ಕೆಳಗಿಳಿಯುತ್ತದೆ. ಭಾರದ ಕಣ ಗಾಳಿಯ ಜೊತೆ ತಿರುವು ಪಡೆಯಲಾರದೆ ಗೋಡೆಗೆ ಒತ್ತಿಕೊಂಡು, ಕೆಳಗಿನ ಕೋನ್ (ಶಂಕುವಿನಾಕಾರದ ಭಾಗ) ಮೂಲಕ ಜಾರಿ ಹಾಪರ್ (ತಳದ ಧೂಳಿನ ತೊಟ್ಟಿ) ಸೇರುತ್ತದೆ. ಗಾಳಿ ಮಾತ್ರ ತಳದ ಹತ್ತಿರ ಹಿಂದಿರುಗಿ, ನಡುವೆ ಕಿರಿದಾದ ಸುಳಿಯಾಗಿ ಮೇಲೇರಿ ಮಧ್ಯದ ಪೈಪಿನಿಂದ ಹೊರಹೋಗುತ್ತದೆ. 10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪ ಧೂಳಿಗೆ ಇದು ಒಳ್ಳೆಯ ಸಾಧನ. ಧೂಳು ಹೆಚ್ಚಾಗಿ 5 ಮೈಕ್ರಾನ್‌ಗಿಂತ ನುಣ್ಣಗಿದ್ದರೆ ಸೈಕ್ಲೋನ್ ಒಂದನ್ನೇ ನಂಬಬೇಡಿ, ಅದರ ನಂತರ ಬ್ಯಾಗ್ ಫಿಲ್ಟರ್ (ಗಾಳಿ ಸೋಸುವ ಬಟ್ಟೆ ಚೀಲಗಳು) ಇರಲಿ.

ಅಳತೆಗಳೆಲ್ಲ ಸಿಲಿಂಡರಿನ ವ್ಯಾಸದಿಂದ ಹುಟ್ಟುತ್ತವೆ. ಸ್ಟೇರ್‌ಮಂಡ್ ಎಂಬ ಪ್ರಚಲಿತ ಸೈಕ್ಲೋನ್ ವಿನ್ಯಾಸದಲ್ಲಿ ಒಳಬಾಯಿಯ ಎತ್ತರ ವ್ಯಾಸದ 0.5, ಅಗಲ 0.2. ಗಾಳಿ ಸೆಕೆಂಡಿಗೆ 1 ಘನ ಮೀಟರ್, ಒಳಬಾಯಿಯಲ್ಲಿ ವೇಗ 15 ಮೀಟರ್ ಎಂದಿಟ್ಟುಕೊಂಡರೆ ಬಾಯಿಯ ವಿಸ್ತೀರ್ಣ 0.067 ಚದರ ಮೀಟರ್, ವ್ಯಾಸ ಸುಮಾರು 82 ಸೆಂ.ಮೀ. ಮಧ್ಯದ ಪೈಪಿನ ವ್ಯಾಸ 41, ಅದು ಒಳಗಿಳಿಯುವ ಉದ್ದವೂ 41, ಸಿಲಿಂಡರಿನ ಎತ್ತರ 123, ಕೋನಿನ ಎತ್ತರ 205, ಧೂಳು ಬೀಳುವ ಬಾಯಿಯ ವ್ಯಾಸ 31 ಸೆಂ.ಮೀ. ಮಧ್ಯದ ಪೈಪನ್ನು ಗಿಡ್ಡ ಮಾಡಬೇಡಿ: ಒಳಬಂದ ಧೂಳು ಸುತ್ತು ಹಾಕದೆ ನೇರ ಹೊರಬೀಳುತ್ತದೆ.

ಒಳಬಾಯಿಯ ವೇಗ ಸೆಕೆಂಡಿಗೆ 15ರಿಂದ 20 ಮೀಟರಿನೊಳಗಿರಲಿ. ಕಡಿಮೆಯಾದರೆ ಕಣ ಗೋಡೆ ಮುಟ್ಟುವುದಿಲ್ಲ. 25 ದಾಟಿದರೆ ಗೋಡೆಗಂಟಿದ ಧೂಳು ಮತ್ತೆ ಏಳಬಹುದು, ತಗಡೂ ಬೇಗ ಸವೆಯುತ್ತದೆ. ಒತ್ತಡದ ನಷ್ಟ ವೇಗದ ವರ್ಗದಂತೆ ಏರುತ್ತದೆ. 15ರಲ್ಲಿ 100 ಮಿ.ಮೀ. ನೀರಿನಷ್ಟಿದ್ದದ್ದು 20ಕ್ಕೆ ಸುಮಾರು 178 ಆಗುತ್ತದೆ. ಫ್ಯಾನ್ ಆರಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಈಗ ಬುಡ. ಫ್ಯಾನ್ ಗಾಳಿಯನ್ನು ಒಳಕ್ಕೆ ತಳ್ಳುತ್ತಿದ್ದರೂ ಸುಳಿಯ ನಡುವೆ ಹೊರಗಿಗಿಂತ ಕಡಿಮೆ ಒತ್ತಡವಿರಬಹುದು. ಹಾಗಾಗಿ ಹಾಪರ್‌ನಲ್ಲಿ ಸಣ್ಣ ಸೀಳಿದ್ದರೂ ಹೊರಗಾಳಿ ನುಗ್ಗಿ, ಬಿದ್ದ ಧೂಳನ್ನು ಎತ್ತಿಕೊಂಡು ಮೇಲಕ್ಕೆ ಹೋಗುತ್ತದೆ. ಬಹುಪಾಲು ದೂರುಗಳ ಮೂಲ ಇಲ್ಲೇ. ಫ್ಯಾನ್ ಓಡುತ್ತಿರುವಾಗ ತೆಳು ಕಾಗದದ ಪಟ್ಟಿಯನ್ನು ಫ್ಲಾಂಜ್ (ಬೋಲ್ಟ್ ಹಾಕಿ ಜೋಡಿಸಿದ ಅಂಚು), ತಪಾಸಣೆ ಬಾಗಿಲು, ರೋಟರಿ ಏರ್‌ಲಾಕ್‌ನ (ಗಾಳಿ ನುಗ್ಗದಂತೆ ಧೂಳನ್ನು ಹೊರಬಿಡುವ ತಿರುಗು ಕವಾಟ) ಶಾಫ್ಟ್ ಸೀಲ್ ಬಳಿ ಸರಿಸಿ. ಕಾಗದ ಒಳಕ್ಕೆ ಬಾಗಿದ ಕಡೆ ಗ್ಯಾಸ್ಕೆಟ್ (ಸಂದು ಮುಚ್ಚುವ ಪಟ್ಟಿ) ಅಥವಾ ಸೀಲ್ ಬದಲಿಸಿ. ಏರ್‌ಲಾಕ್‌ನ ಅಲಗು ಸವೆದಿದೆಯೇ ಎಂದು ನೋಡಲು ಮೊದಲು ಮೋಟಾರಿನ ವಿದ್ಯುತ್ ಕಡಿದು ಬೀಗ ಹಾಕಿ. ತಿರುಗುವ ಅಲಗು ಬೆರಳು ಕತ್ತರಿಸುತ್ತದೆ. ಹಾಪರನ್ನು ಗೋದಾಮಿನಂತೆ ಬಳಸಬೇಡಿ. ಧೂಳು ಕೋನ್ ಬಾಯಿಗೆ ತಲುಪಿದರೆ ಸುಳಿ ಅದನ್ನೇ ಹೀರುತ್ತದೆ.

ತೇವದ ಗಾಳಿ ತಣ್ಣನೆಯ ತಗಡಿಗೆ ತಾಗಿದರೆ ನೀರಾಗಿ, ಧೂಳು ಕೆಸರಿನಂತೆ ಅಂಟುತ್ತದೆ. ಹೊರಗೆ ಉಷ್ಣನಿರೋಧಕ ಹೊದಿಸಿ. ಕೋನ್‌ಗೆ ಸುತ್ತಿಗೆಯಿಂದ ಬಡಿಯಬೇಡಿ. ತಗ್ಗು ಬಿದ್ದಲ್ಲೇ ಮುಂದಿನ ಪದರ ಕಟ್ಟುತ್ತದೆ. ಮರದ ಪುಡಿ, ಹಿಟ್ಟಿನಂಥ ಸ್ಫೋಟಿಸುವ ಧೂಳಿದ್ದರೆ ಅರ್ಥಿಂಗ್ ಮತ್ತು ಸ್ಫೋಟ ನಿವಾರಣಾ ಫಲಕ (ಸ್ಫೋಟವಾದರೆ ತೆರೆದುಕೊಂಡು ಒತ್ತಡ ಹೊರಬಿಡುವ ಫಲಕ) ಕಡ್ಡಾಯವೆಂದೇ ತಿಳಿಯಿರಿ. ಫಲಕದ ಮುಖ ಜನ ಓಡಾಡುವ ಕಡೆಗೆ ಇರಬಾರದು.