ಎಂಒಟಿಯಲ್ಲಿ ಕಾರು ಫೇಲಾದರೆ ಮೊದಲು ಚೀಟಿ ಓದಿ, ಆಮೇಲೆ ರಿಪೇರಿಗೆ ಒಪ್ಪಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಇಂಗ್ಲೆಂಡಿಗೆ ಬಂದ ನಮ್ಮ ಹುಡುಗ ಹುಡುಗಿಯರು ಬೇಗನೆ ಒಂದು ಹಳೆ ಕಾರು ಕೊಳ್ಳುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವಾಗ ಬಸ್ಸಿರುವುದಿಲ್ಲ, ಬೇರೆ ದಾರಿಯೂ ಇಲ್ಲ. ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ವಿಚಾರಿಸಿಕೊಂಡೇ ಬಂದಿರುತ್ತಾರೆ. ಕೈಯಲ್ಲಿದ್ದ ದುಡ್ಡು ಹೋಗುವುದು ಎಂಒಟಿ ಟೆಸ್ಟಿನಲ್ಲಿ, ಅಂದರೆ ಕಾರು ರಸ್ತೆಗೆ ಇಳಿಯಲು ಯೋಗ್ಯವಾ ಅಂತ ನೋಡುವ ಕಡ್ಡಾಯ ಪರೀಕ್ಷೆಯಲ್ಲಿ.

ಊರಲ್ಲಿ, ಅಂದರೆ ಕಾಸರಗೋಡಿನಲ್ಲಿ, ಕೆಎಲ್-14 ನಂಬರಿನ ಸ್ವಂತ ಕಾರನ್ನು 15 ವರ್ಷ ತುಂಬುವವರೆಗೆ ಆರ್‌ಟಿಒ ಮುಂದೆ ನಿಲ್ಲಿಸಬೇಕಾಗಿಲ್ಲ. ಹೊಗೆ ಸರ್ಟಿಫಿಕೇಟ್ ಇದ್ದರೆ ಸಾಕು. ಇಲ್ಲಿ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಟೆಸ್ಟು. ಇದೇ ಸರಿಯಾದ ಪದ್ಧತಿ ಅಂತ ನನ್ನ ಅಭಿಪ್ರಾಯ. ತಲಪಾಡಿ ದಾಟಿ ಮಂಗಳೂರಿಗೆ ಓಡುವ ಎಷ್ಟು ಕಾರುಗಳ ಬ್ರೇಕ್ ಲೈಟು ಉರಿಯುವುದೇ ಇಲ್ಲ! ಆಟಿ ತಿಂಗಳ ಮಳೆಯಲ್ಲಿ ಅದರ ಹಿಂದೆ ಸ್ಕೂಟರಿನಲ್ಲಿ ಬರುವವನ ಗತಿ ಏನು?

ಟೆಸ್ಟಿನ ಫೀಸು ಕಾರಿಗೆ ಗರಿಷ್ಠ 54.85 ಪೌಂಡ್. ಅದಕ್ಕಿಂತ ಕಡಿಮೆಗೆ ಮಾಡುವ ಗ್ಯಾರೇಜುಗಳೂ ಬೇಕಾದಷ್ಟಿವೆ. ಆದರೆ ಟೆಸ್ಟ್ ಮಾಡುವವರೇ ರಿಪೇರಿಯನ್ನೂ ಮಾಡುತ್ತಾರೆ. ನಮ್ಮವರು ಸಿಕ್ಕಿಬೀಳುವುದು ಇಲ್ಲೇ.

ಪೆರ್ಲ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ‘ಅಣ್ಣಾ, ಕಾರು ಫೇಲಾಯ್ತು. 600 ಪೌಂಡ್ ಆಗ್ತದಂತೆ. ಆಯ್ತು ಅಂತ ಹೇಳಿಬಿಟ್ಟೆ.’ ಟೆಸ್ಟಿನಲ್ಲಿ ಕಂಡ ದೋಷಗಳನ್ನು ಬರೆದು ಕೊಡುವ ಚೀಟಿಯ ಫೋಟೋ ಕಳಿಸಲು ಹೇಳಿದೆ. ಮೇಜರ್ ಅಂತ, ಅಂದರೆ ಕಾರನ್ನು ಫೇಲ್ ಮಾಡುವ ದೋಷ ಅಂತ, ಇದ್ದದ್ದು ಎರಡೇ ಸಾಲು. ಒಂದು ಬ್ರೇಕ್ ಲೈಟಿನ ಬಲ್ಬ್ ಸತ್ತಿತ್ತು. ಇನ್ನೊಂದು, ಮುಂದಿನ ಎಡಗಡೆಯ ಚಕ್ರದ ಕುಲುಕು ತಡೆಯುವ ಕಾಯಿಲ್ ಸ್ಪ್ರಿಂಗ್ ತುಂಡಾಗಿತ್ತು. ಅದರ ಕೆಳಗೆ ಅಡ್ವೈಸರಿ ಅಂತ ಇನ್ನಷ್ಟು ಸಾಲು: ಬ್ರೇಕ್ ಡಿಸ್ಕ್ ಸ್ವಲ್ಪ ಸವೆದಿದೆ, ಹಿಂದಿನ ಟಯರ್ ಮಿತಿಯ ಹತ್ತಿರ ಬಂದಿದೆ, ಒಂದು ಬುಷ್ (ಕೀಲಿನ ರಬ್ಬರು) ಸಡಿಲವಾಗುತ್ತಿದೆ. ಗ್ಯಾರೇಜಿನವರು ಎಲ್ಲವನ್ನೂ ಸೇರಿಸಿ ಒಂದೇ ಲೆಕ್ಕ ಕೊಟ್ಟಿದ್ದರು. ಅವಳು ನನ್ನ ಹತ್ತಿರ ಮಾತಾಡುವ ಹೊತ್ತಿಗೆ ಡಿಸ್ಕ್ ಬಿಚ್ಚಿ ಆಗಿತ್ತು. ಪಾಸಾಗಲು ಬೇಕಿದ್ದದ್ದು ಸ್ಪ್ರಿಂಗ್ ಮತ್ತು ಬಲ್ಬ್ ಮಾತ್ರ. 200 ಪೌಂಡ್ ಒಳಗೆ ಮುಗಿಯುವ ಕೆಲಸ.

ಆದ್ದರಿಂದ ಇದನ್ನು ಗಟ್ಟಿಯಾಗಿ ನೆನಪಿಡಿ. 2018ರ ಮೇ ತಿಂಗಳಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಅಂತ ವಿಂಗಡಿಸುತ್ತಾರೆ. ಫೇಲ್ ಮಾಡುವುದು ಮೊದಲ ಎರಡು ಮಾತ್ರ. ಮೈನರ್ ಇದ್ದರೂ ಪಾಸು, ಆದರೆ ಬೇಗ ಸರಿಮಾಡಿಸಿ. ಅಡ್ವೈಸರಿ ಅಂದರೆ ಮುಂದಕ್ಕೆ ಕಣ್ಣಿಡಿ ಅಂತ ಸೂಚನೆ. ಅದನ್ನು ಸುಮ್ನೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಬ್ರೇಕ್, ಟಯರ್ ವಿಷಯದಲ್ಲಂತೂ ಸಸಾರ ಮಾಡಲೇಬಾರದು. ಆದರೆ ಅವತ್ತೇ, ಅಲ್ಲೇ, ಅವರು ಹೇಳಿದ ರೇಟಿಗೆ ಮಾಡಿಸಬೇಕಾಗಿಲ್ಲ. ಚೀಟಿ ಕೇಳಿ ತೆಗೆದುಕೊಳ್ಳಿ. ಪ್ರತಿ ಸಾಲಿಗೆ ಬೇರೆ ಬೇರೆ ರೇಟು ಬರೆಸಿಕೊಳ್ಳಿ. ಇನ್ನೊಂದು ಗ್ಯಾರೇಜಿಗೆ ಫೋನ್ ಮಾಡಿ ಕೇಳಿ.

ಕಾರನ್ನು ಅಲ್ಲಿಂದ ತೆಗೆದುಕೊಂಡು ಹೋಗಬಹುದಾ? ಹಳೆ ಎಂಒಟಿಯ ಅವಧಿ ಇನ್ನೂ ಇದ್ದು, ಚೀಟಿಯಲ್ಲಿ ಡೇಂಜರಸ್ ಅಂತ ಒಂದೂ ಇಲ್ಲದಿದ್ದರೆ ಹೋಗಬಹುದು. ಡೇಂಜರಸ್ ಇದ್ದರೆ ಕೀಲಿ ಮುಟ್ಟಬೇಡಿ. ಓಡಿಸಿ ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಪಾಯಿಂಟ್ ಬೇರೆ. ರಿಪೇರಿಗೆ ಅಲ್ಲೇ ಬಿಟ್ಟರೆ ಮರುಪರೀಕ್ಷೆಗೆ ದುಡ್ಡಿಲ್ಲ. ಬಲ್ಬ್, ವೈಪರ್, ಟಯರ್‌ನಂಥ ಸಣ್ಣ ಕೆಲಸ ಹೊರಗೆ ಮಾಡಿಸಿ ಮರುದಿನದ ಕೆಲಸದ ಅವಧಿಯೊಳಗೆ ಅಲ್ಲಿಗೇ ತಂದರೂ ದುಡ್ಡಿಲ್ಲ. ಉಳಿದದ್ದಕ್ಕೆ 10 ಕೆಲಸದ ದಿನಗಳೊಳಗೆ ತಂದರೆ ಪೂರ್ತಿ ಫೀಸಿನ ಬದಲು ಅದರ ಒಂದು ಭಾಗ ಕೊಟ್ಟರಾಯಿತು.

ಜಾಸ್ತಿ ಕಾರುಗಳು ಫೇಲಾಗುವುದು ಲೈಟು, ಸಸ್ಪೆನ್ಶನ್, ಬ್ರೇಕ್, ಟಯರ್, ಗಾಜು ಇವುಗಳಲ್ಲಿ. ಹಿಂದಿನ ದಿನ ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ ನೋಡಿ. ಬಲ್ಬಿಗೆ ಕೆಲವೇ ಪೌಂಡ್. ಗಾಜು ತೊಳೆಯುವ ನೀರು ಖಾಲಿ ಇದ್ದರೂ ಫೇಲ್, ತುಂಬಿಸಿಕೊಂಡೇ ಹೋಗಿ. ಟಯರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಸಾಧಾರಣ ಟಯರಿಗೆ 60ರಿಂದ 100 ಪೌಂಡ್. ಡ್ರೈವರ್ ಕಣ್ಣೆದುರಿನ ಗಾಜಿನಲ್ಲಿ 10 ಮಿಲಿಮೀಟರಿಗಿಂತ ದೊಡ್ಡದಾಗಿ ಕಲ್ಲು ಬಡಿದು ಒಡೆದ ಚುಕ್ಕೆ ಇದ್ದರೆ ನಡೆಯುವುದಿಲ್ಲ. ಸಣ್ಣದಿದ್ದಾಗಲೇ ಇನ್ಶೂರೆನ್ಸಿನವರಿಗೆ ಹೇಳಿದರೆ ಅಗ್ಗದಲ್ಲಿ ತುಂಬಿಸಿಕೊಡುತ್ತಾರೆ. ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಎರಡೂ ಸೇರಿದರೆ ಸುಮಾರು 200ರಿಂದ 300. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ಸ್ಪ್ರಿಂಗ್, ಬ್ರೇಕ್ ಪೈಪು ತುಕ್ಕು ಹಿಡಿಯುತ್ತವೆ. ಕಡಲ ಬದಿಯ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಹೊಡೆತ ಡೀಸೆಲ್ ಕಾರಿನ ಹೊಗೆ ಫಿಲ್ಟರ್. ಅದು ಹೋದರೆ 1,000 ಪೌಂಡ್ ದಾಟಬಹುದು. ಅದನ್ನು ಕಿತ್ತು ಹಾಕಿದ ಕಾರು ಫೇಲೇ. ಹತ್ತಿರದ ಪೇಟೆಗೆ ಹೋಗಿಬರುವಷ್ಟೇ ಓಡಿಸುವುದಾದರೆ ಹಳೆ ಡೀಸೆಲ್ ಕಾರು ಬೇಡವೇ ಬೇಡ.

ಕೊಳ್ಳುವ ಮುಂಚೆ ಸರ್ಕಾರದ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿ ನೋಡಿ. ಹಳೆ ಟೆಸ್ಟುಗಳ ಇತಿಹಾಸ ಪೂರ್ತಿ ಪುಕ್ಕಟೆ ಸಿಗುತ್ತದೆ. ಒಂದೇ ಅಡ್ವೈಸರಿ ವರ್ಷ ವರ್ಷ ಮರುಕಳಿಸಿದ್ದರೆ ಆ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಬೆಲ್‌ಫಾಸ್ಟ್ ಕಡೆ ಕೆಲಸ ಸಿಕ್ಕವರಿಗೆ ನಿಯಮ ಬೇರೆ. ಉತ್ತರ ಐರ್ಲೆಂಡಿನಲ್ಲಿ ಮೊದಲ ಟೆಸ್ಟು 4 ವರ್ಷಕ್ಕೆ. ಮಾಡುವುದು ಸರ್ಕಾರಿ ಕೇಂದ್ರ, ರಿಪೇರಿ ಅಲ್ಲಿಲ್ಲ. ನನ್ನ ಮಟ್ಟಿಗೆ ಅದೇ ಒಳ್ಳೆಯದು. ಆದರೆ ದಿನ ಸಿಗಲು ಕಾಯಬೇಕಾಗುತ್ತದೆ, ಆದ್ದರಿಂದ ಸೂಚನೆ ಬಂದ ಕೂಡಲೇ ಬುಕ್ ಮಾಡಿಬಿಡಿ.